ಗಡ್ಡೆ ಕರಗಿತೆಂದು ಚಿಕಿತ್ಸೆ ಬಿಡಬೇಡಿ

ಮಾನ್ಯ ಸಂಪಾದಕರಿಗೆ ನಮಸ್ಕಾರ.

‘ಕ್ಯಾನ್ಸರ್ ಬೇರಿಗೇ ಮದ್ದು’, ‘ಕ್ಯಾನ್ಸರ್ ಸ್ಟೆಮ್ ಸೆಲ್ ಕೊಲ್ಲುವ ಔಷಧ ಪತ್ತೆ’ ಎಂಬಂಥ ತಲೆಬರಹಗಳು ಕನ್ನಡ ಪತ್ರಿಕೆಗಳಲ್ಲಿ ಆಗಾಗ ಬರುತ್ತವೆ. ಅವುಗಳ ಹಿಂದಿನ ವಿಜ್ಞಾನ ಗಟ್ಟಿಯಾದದ್ದೇ. ಆದರೆ ಸುದ್ದಿ ಓದಿದ ರೋಗಿಯ ಮನೆಯವರು ‘ಹೊಸ ಮದ್ದು ಬರ್ತದಂತ, ಈ ಕೀಮೋ, ಕರೆಂಟು ಎಲ್ಲಾ ಯಾಕ ಬೇಕು’ ಎಂದುಕೊಂಡರೆ ಆ ಸುದ್ದಿಯಿಂದ ಆದದ್ದು ಹಾನಿ (ಕರೆಂಟು ಎಂದರೆ ನಮ್ಮ ಕಡೆ ವಿಕಿರಣ ಚಿಕಿತ್ಸೆ). ಕ್ಯಾನ್ಸರ್ ಆಕರಕೋಶಗಳ ಬಗ್ಗೆ ಕಳೆದ ಮೂವತ್ತು ವರ್ಷಗಳಲ್ಲಿ ತಿಳಿದುಬಂದದ್ದು ಇದಕ್ಕೆ ತದ್ವಿರುದ್ಧ: ಗಡ್ಡೆ ಕರಗಿದಂತೆ ಕಾಣುವ ಹೊತ್ತಿನಲ್ಲಿಯೇ ಚಿಕಿತ್ಸೆಯನ್ನು ಒಂದು ದಿನವೂ ತಪ್ಪಿಸಬಾರದು. ಯಾಕೆ ಎಂಬುದನ್ನು ಸ್ವಲ್ಪ ವಿವರವಾಗಿಯೇ ಬರೆಯುತ್ತಿದ್ದೇವೆ. ದಯವಿಟ್ಟು ಜಾಗ ಕೊಡಬೇಕು.

ನಮ್ಮ ಎರೆಹೊಲದ ರೈತರಿಗೆ ಜೇಕು ಎಂಬ ಕಳೆಯ ಕಾಟ ಹೊಸದಲ್ಲ. ಎಡೆ ಹೊಡೆದ ಮರುವಾರವೇ ಉಳ್ಳಾಗಡ್ಡಿ ಸಾಲಿನಲ್ಲಿ ಮತ್ತೆ ಹಸಿರು ಮೊಳಕೆ. ಮೇಲಿನ ಎಲೆ ಹೋದರೂ ನೆಲದೊಳಗೆ ಒಂದಕ್ಕೊಂದು ಪೋಣಿಸಿಕೊಂಡ ಕರಿ ಗಡ್ಡೆಗಳು ಹಾಗೇ ಇರುತ್ತವೆ. ಕಳೆಗೆ ಎಣ್ಣೆ ಹೊಡೆದರೂ ಅಷ್ಟೇ. ಚಿಗುರು ಬಿಟ್ಟ ಗಡ್ಡೆಗೆ ಎಲೆಯ ಮೂಲಕ ಮದ್ದು ಇಳಿಯುತ್ತದೆ. ಮಲಗಿದ ಗಡ್ಡೆಗೆ ಎಲೆಯೇ ಇಲ್ಲ, ಮದ್ದು ಇಳಿಯಲು ದಾರಿಯೂ ಇಲ್ಲ. ಕ್ಯಾನ್ಸರ್ ಗಡ್ಡೆಯೊಳಗೂ ಎಲ್ಲ ಕೋಶಗಳು ಒಂದೇ ಬಗೆಯವಲ್ಲ. ಬಹುಪಾಲು ಕೋಶಗಳು ಕೆಲವು ಸಲ ಒಡೆದು ದಣಿದು ಸಾಯುತ್ತವೆ. ಕೆಲವು ಮಾತ್ರ ತಮ್ಮಂಥದೇ ಕೋಶವನ್ನೂ ಹಡೆಯುತ್ತ, ಬೇರೆ ಬಗೆಯ ಕೋಶಗಳನ್ನೂ ಹುಟ್ಟಿಸುತ್ತ ಇಡೀ ಗಡ್ಡೆಯನ್ನು ಮತ್ತೆ ಕಟ್ಟಬಲ್ಲವು. ಇವಕ್ಕೇ ಕ್ಯಾನ್ಸರ್ ಆಕರಕೋಶ ಎನ್ನುತ್ತಾರೆ. ಕೆಲವು ಪತ್ರಿಕೆಗಳು ಕಾಂಡಕೋಶ ಎಂದು ಬರೆಯುತ್ತವೆ, ಎರಡೂ ಒಂದೇ.

ಇದು ಮೊದಲು ರಕ್ತ ಕ್ಯಾನ್ಸರಿನಲ್ಲಿ ಸಿಕ್ಕಿತು. 1994 ಮತ್ತು 1997ರಲ್ಲಿ ಕೆನಡಾದ ಟೊರಾಂಟೊದಲ್ಲಿ ಜಾನ್ ಡಿಕ್ ಅವರ ತಂಡ, ತೀವ್ರ ಮೈಲಾಯ್ಡ್ ರಕ್ತ ಕ್ಯಾನ್ಸರಿನ ಕೋಶಗಳನ್ನು ಬೇರೆ ಬೇರೆ ಮಾಡಿ ರೋಗನಿರೋಧಕ ಶಕ್ತಿಯಿಲ್ಲದ ಇಲಿಗಳಿಗೆ ಕೊಟ್ಟು ನೋಡಿತು. ರೋಗ ಹುಟ್ಟಿಸಿದ್ದು ಮೇಲ್ಮೈಯಲ್ಲಿ ಸಿಡಿ34 ಎಂಬ ಗುರುತಿದ್ದು ಸಿಡಿ38 ಇಲ್ಲದ ಸಣ್ಣ ಗುಂಪು ಮಾತ್ರ. 2003ರಲ್ಲಿ ಅಮೆರಿಕದ ಮಿಷಿಗನ್‌ನಲ್ಲಿ ಮೈಕೆಲ್ ಕ್ಲಾರ್ಕ್ ಅವರ ತಂಡ ಸ್ತನ ಕ್ಯಾನ್ಸರಿನಲ್ಲಿ ಇದನ್ನೇ ತೋರಿಸಿತು. ಸರಿಯಾದ ಗುರುತಿನ ಕೋಶಗಳು ನೂರೇ ಇದ್ದರೂ ಇಲಿಯಲ್ಲಿ ಗಡ್ಡೆ ಎದ್ದಿತು. ಬೇರೆ ಗುರುತಿನವು ಹತ್ತಾರು ಸಾವಿರ ಹಾಕಿದರೂ ಏಳಲಿಲ್ಲ. 2007ರಲ್ಲಿ ಬಾಯಿ, ಗಂಟಲು ಸೇರಿದ ತಲೆ-ಕುತ್ತಿಗೆ ಕ್ಯಾನ್ಸರಿನ ಸರದಿ. ಅಲ್ಲಿ ಗಡ್ಡೆ ಹುಟ್ಟಿಸುವ ಶಕ್ತಿ ಕಂಡದ್ದು ಸಿಡಿ44 ಗುರುತಿನ, ಸಾಮಾನ್ಯವಾಗಿ ಶೇ 10ಕ್ಕಿಂತ ಕಡಿಮೆ ಇರುವ ಕೋಶಗಳಲ್ಲಿ. ತಂಬಾಕು-ಅಡಿಕೆ ಅಗಿಯುವ ನಮ್ಮ ಸೀಮೆಗೆ ಈ ಕೊನೆಯದೇ ಹತ್ತಿರದ್ದು.

ಈ ಪ್ರಯೋಗ ನಡೆಯುವ ಬಗೆ ಗೊತ್ತಿದ್ದರೆ ಸುದ್ದಿಯನ್ನು ತೂಗಿ ನೋಡುವುದು ಸುಲಭ. ಶಸ್ತ್ರಚಿಕಿತ್ಸೆಯಲ್ಲಿ ತೆಗೆದ ಗಡ್ಡೆಯ ಚೂರನ್ನು ಬ್ಲೇಡಿನಿಂದ ಸಣ್ಣಗೆ ಹೆಚ್ಚಿ, ಕೊಲಾಜಿನೇಸ್ ಎಂಬ ಕಿಣ್ವದಲ್ಲಿ 37 ಡಿಗ್ರಿ ಶಾಖದಲ್ಲಿ ಇಡುತ್ತಾರೆ. ಅಂಟು ಬಿಟ್ಟ ಕೋಶಗಳನ್ನು 40 ಮೈಕ್ರಾನ್ ಜಾಲರಿಯಲ್ಲಿ ಸೋಸಿ, ಆಯಾ ಗುರುತಿಗೇ ಅಂಟುವ, ಹೊಳೆಯುವ ಬಣ್ಣ ಕಟ್ಟಿದ ಪ್ರತಿಕಾಯಗಳನ್ನು ಬೆರೆಸುತ್ತಾರೆ. ಲೇಸರ್ ಯಂತ್ರವೊಂದು ಕೋಶಗಳನ್ನು ಒಂದೊಂದಾಗಿ ಹಾಯಿಸಿ ಬಣ್ಣ ನೋಡಿ ಬೇರ್ಪಡಿಸುತ್ತದೆ. ಆಮೇಲೆ 10, 100, 1000, 10,000 ಹೀಗೆ ಲೆಕ್ಕ ಹಾಕಿ ಇಲಿಗಳ ಚರ್ಮದಡಿ ಚುಚ್ಚಿ ತಿಂಗಳುಗಟ್ಟಲೆ ಕಾಯುತ್ತಾರೆ. ಎಡವುವ ಕಡೆಗಳು ಬಹಳ. ಕೊಲಾಜಿನೇಸ್ ಬದಲು ಟ್ರಿಪ್ಸಿನ್ ಎಂಬ ಇನ್ನೊಂದು ಕಿಣ್ವ ಹಾಕಿ ಹೊತ್ತು ಮೀರಿದರೆ ಮೇಲ್ಮೈ ಗುರುತೇ ಕತ್ತರಿಸಿಹೋಗಿ, ಇದ್ದದ್ದು ಇಲ್ಲವೆಂದು ಕಾಣುತ್ತದೆ. ಸತ್ತ ಕೋಶಗಳು ಸಿಕ್ಕ ಪ್ರತಿಕಾಯವನ್ನೆಲ್ಲ ಮೆತ್ತಿಸಿಕೊಂಡು ಸುಳ್ಳು ಹೊಳಪು ಕೊಡುತ್ತವೆ. ಇಲಿ ಇಲ್ಲದ ಕಡೆ ಬರೀ ತಟ್ಟೆಯಲ್ಲಿ ಕೋಶದ ಉಂಡೆ ಬೆಳೆಸಿ ‘ಆಕರಕೋಶ ಬೆಳೆದವು’ ಎನ್ನುವುದುಂಟು. ಕೋಶಗಳನ್ನು ದಟ್ಟವಾಗಿ ಬಿಟ್ಟಿದ್ದರೆ ಅವು ಒಂದಕ್ಕೊಂದು ಅಂಟಿಯೇ ಉಂಡೆ ಕಟ್ಟುತ್ತವೆ, ಬೆಳೆಯಬೇಕೆಂದಿಲ್ಲ. ಇನ್ನು ಬಾಯಿಯ ಸಿಡಿ44 ಗುರುತು ಆರೋಗ್ಯವಂತರ ಗಲ್ಲದ ಒಳಪದರದಲ್ಲೂ ಇದೆ. ಆದ್ದರಿಂದ ಅದನ್ನೊಂದೇ ಹಿಡಿದು ಇದು ಆಕರಕೋಶ, ಇದಲ್ಲ ಎಂದು ರೋಗಿಯ ಬಯಾಪ್ಸಿ ವರದಿಯಲ್ಲಿ ಬರೆಯುವ ಹಾಗಿಲ್ಲ. ಆ ಪರೀಕ್ಷೆಗೆ ದುಡ್ಡು ಸುರಿಯಲು ಯಾರಾದರೂ ಹೇಳಿದರೆ ‘ಅದರಿಂದ ನಮ್ಮ ಚಿಕಿತ್ಸೆಯಲ್ಲಿ ಏನು ಬದಲಾಗುತ್ತದೆ’ ಎಂದು ಕೇಳಿ.

ಜೇಕಿನ ಹೋಲಿಕೆಯನ್ನೂ ಅತಿಯಾಗಿ ಎಳೆಯಬಾರದು. 2008ರಲ್ಲಿ ಮೆಲನೋಮ ಎಂಬ ಚರ್ಮದ ಕ್ಯಾನ್ಸರಿನ ಮೇಲೆ ನಡೆದ ಅಧ್ಯಯನದಲ್ಲಿ, ನಿರೋಧಕ ಶಕ್ತಿ ಇನ್ನೂ ಕಡಿಮೆಯಿರುವ ಇಲಿಗಳನ್ನು ಬಳಸಿದಾಗ ಸುಮಾರು ನಾಲ್ಕರಲ್ಲೊಂದು ಕೋಶ ಗಡ್ಡೆ ಕಟ್ಟಿತು. ಅಂದರೆ ಕೆಲವು ಕ್ಯಾನ್ಸರ್‌ಗಳು ಜೇಕಲ್ಲ, ಕರಕಿ (ಗರಿಕೆ) ಹುಲ್ಲು. ಕರಕಿಯ ಯಾವ ಗೆಣ್ಣು ಮಣ್ಣಿಗೆ ತಾಗಿದರೂ ಬೇರು ಬಿಡುತ್ತದೆ, ಕುಂಟಿ ಹೊಡೆದು ತುಂಡು ಮಾಡಿದಷ್ಟೂ ಹಬ್ಬುತ್ತದೆ. ಆಕರಕೋಶಗಳನ್ನಷ್ಟೇ ಕೊಂದರೆ ಪಕ್ಕದ ಸಾಮಾನ್ಯ ಕ್ಯಾನ್ಸರ್ ಕೋಶ ಹಿಂದಕ್ಕೆ ಹೊರಳಿ ಆಕರಕೋಶದ ಗುಣ ಪಡೆಯುವುದೂ ಪ್ರಯೋಗಗಳಲ್ಲಿ ಕಂಡಿದೆ. ಹಾಗಾಗಿ ‘ಬೇರನ್ನು ಮಾತ್ರ ಕೊಲ್ಲುವ ಮದ್ದು, ಉಳಿದದ್ದು ತಾನೇ ಒಣಗುತ್ತದೆ’ ಎಂಬ ಮಾತನ್ನು ನಾವು ಒಪ್ಪುವುದಿಲ್ಲ. ಎಲೆಯನ್ನೂ ಸುಡಬೇಕು, ಗಡ್ಡೆಯನ್ನೂ ಅಗೆಯಬೇಕು.

ಈ ಕೋಶಗಳು ಕೀಮೋಗೂ ಕರೆಂಟಿಗೂ ಯಾಕೆ ಜಗ್ಗುವುದಿಲ್ಲ? ಬಹಳಷ್ಟು ಕೀಮೋ ಔಷಧಗಳು ಒಡೆಯುತ್ತಿರುವ ಕೋಶವನ್ನು ಹಿಡಿಯುತ್ತವೆ, ಆಕರಕೋಶಗಳಲ್ಲಿ ಹಲವು ಒಡೆಯದೆ ಮಲಗಿರುತ್ತವೆ. ಒಳಹೊಕ್ಕ ಔಷಧವನ್ನು ಹೊರಗೆತ್ತಿ ಹಾಕುವ ಪಂಪುಗಳು ಅವುಗಳ ಪೊರೆಯಲ್ಲಿ ಹೆಚ್ಚು. ವಿಕಿರಣದಿಂದ ಡಿಎನ್‌ಎ ತುಂಡಾದರೆ ಬೇಗ ಹೊಲಿದುಕೊಳ್ಳುತ್ತವೆ. ರಕ್ತನಾಳ ಸರಿಯಾಗಿ ತಲುಪದ, ಆಮ್ಲಜನಕ ಕಡಿಮೆಯಿರುವ ಮೂಲೆಗಳು ಅವಕ್ಕೆ ಇಷ್ಟದ ಜಾಗ. ಆಮ್ಲಜನಕ ಚೆನ್ನಾಗಿರುವ ಕೋಶವನ್ನು ಕೊಲ್ಲುವುದಕ್ಕೆ ಬೇಕಾದ ವಿಕಿರಣಕ್ಕಿಂತ ಎರಡೂವರೆಯಿಂದ ಮೂರು ಪಟ್ಟು ಅಲ್ಲಿ ಬೇಕು. ಕರೆಂಟ್ ನಡೆದಿರುವಾಗ ಬೀಡಿ ಸೇದಬೇಡಿ, ರಕ್ತ ಕಡಿಮೆ ಇದ್ದರೆ ಸರಿಪಡಿಸಿಕೊಳ್ಳಿ ಎಂದು ವೈದ್ಯರು ಹೇಳುವುದರ ಹಿಂದೆ ಈ ಲೆಕ್ಕವೂ ಇದೆ.

ಲೆಕ್ಕ ಎಂದಮೇಲೆ ಇದೊಂದು ನೋಡಿ. ಒಂದು ಸೆಂಟಿಮೀಟರ್ ಗಡ್ಡೆಯಲ್ಲಿ ಸುಮಾರು 100 ಕೋಟಿ ಕೋಶ ಎಂದು ಹಿಡಿಯುವುದು ರೂಢಿ. ಚಿಕಿತ್ಸೆ ಶೇ 99.9ರಷ್ಟನ್ನು ಕೊಂದರೂ ಉಳಿಯುವುದು 10 ಲಕ್ಷ. ಅಷ್ಟು ಸಣ್ಣದು ಸ್ಕ್ಯಾನಿನಲ್ಲಿ ಕಾಣುವುದಿಲ್ಲ, ಕೈಗೆ ಸಿಗುವುದಿಲ್ಲ. ‘ಎಲ್ಲಾ ಕರಗೇತ್ರಿ’ ಎಂದು ಮನೆಮಂದಿ ನಿಟ್ಟುಸಿರು ಬಿಡುವ ಆ ದಿನ ಒಳಗಿರುವುದು ಚಿಕಿತ್ಸೆಗೆ ಜಗ್ಗದೆ ಉಳಿದ ಕೋಶಗಳು.

ಇನ್ನು ಆಕರಕೋಶಕ್ಕೇ ಗುರಿಯಿಟ್ಟ ಔಷಧಗಳ ಕಥೆ. ಈ ಕೋಶಗಳು ಬಳಸುವ ವಿಂಟ್, ನಾಚ್, ಹೆಡ್ಜ್‌ಹಾಗ್ ಎಂಬ ಸಂಕೇತದ ದಾರಿಗಳನ್ನು ಮುಚ್ಚುವುದು ಮೊದಲ ಯೋಚನೆ. ತೊಡಕೆಂದರೆ ನಮ್ಮ ಕರುಳು, ಕೂದಲು, ನಾಲಿಗೆಯ ರುಚಿಗುಳ್ಳೆ, ಮೂಳೆ ಎಲ್ಲವೂ ತಮ್ಮ ಸಹಜ ಆಕರಕೋಶಗಳಿಂದ ಇದೇ ದಾರಿಗಳಲ್ಲಿ ನವೀಕರಣಗೊಳ್ಳುತ್ತವೆ. ನಾಚ್ ಮುಚ್ಚಿದರೆ ಭೇದಿ, ವಿಂಟ್ ಮುಚ್ಚಿದರೆ ಮೂಳೆ ಮುರಿತ, ಹೆಡ್ಜ್‌ಹಾಗ್ ಮುಚ್ಚಿದರೆ ಸ್ನಾಯು ಸೆಳೆತ, ಕೂದಲು ಉದುರುವುದು, ಬಾಯಿ ಸಪ್ಪೆ. ಇಷ್ಟಾದರೂ 2012ರಲ್ಲಿ ವಿಸ್ಮೊಡೆಗಿಬ್ ಎಂಬ ಹೆಡ್ಜ್‌ಹಾಗ್ ತಡೆಗುಳಿಗೆ ಚರ್ಮದ ಒಂದು ಬಗೆಯ ಕ್ಯಾನ್ಸರಿಗೆ ಅಮೆರಿಕದಲ್ಲಿ ಒಪ್ಪಿಗೆ ಪಡೆಯಿತು. ಸೋತವು ಹೆಚ್ಚು. ನಾಚ್ ದಾರಿಗೆ ಅಡ್ಡ ನಿಲ್ಲಬೇಕಿದ್ದ ಡೆಮ್ಸಿಜುಮ್ಯಾಬ್, ಟಾರೆಕ್ಸ್‌ಟುಮ್ಯಾಬ್ ಮನುಷ್ಯರ ಪ್ರಯೋಗದಲ್ಲಿ ನಿಲ್ಲಲಿಲ್ಲ. ಕ್ಯಾನ್ಸರ್ ಆಕರಕೋಶದ ಮದ್ದೆಂದೇ ಹೆಸರಾದ ನಾಪಾಬುಕಾಸಿನ್, ಮೇದೋಜೀರಕ ಗ್ರಂಥಿ ಮತ್ತು ದೊಡ್ಡಕರುಳಿನ ಕ್ಯಾನ್ಸರ್ ಇದ್ದವರ ಮೇಲೆ ನಡೆದ ಔಷಧ ಪರೀಕ್ಷೆಯ ಮೂರನೇ ಹಂತದಲ್ಲಿ ರೋಗಿಗಳ ಆಯುಷ್ಯ ಹೆಚ್ಚಿಸಲಿಲ್ಲ. ಗಡ್ಡೆ ಎಷ್ಟು ಕುಗ್ಗಿತು ಎಂಬ ಅಳತೆಯೂ ಇಂಥ ಮದ್ದಿಗೆ ಒಗ್ಗುವುದಿಲ್ಲ: ಬೇರು ಸತ್ತರೂ ಮೇಲಿನ ಹಸಿರು ಕೆಲವು ತಿಂಗಳು ಹಾಗೇ ಇರುತ್ತದೆ, ಬೇರು ಬದುಕಿದ್ದರೂ ಹಸಿರು ಒಣಗಬಹುದು. ಇಲ್ಲಿ ನೋಡಬೇಕಾದದ್ದು ರೋಗ ಮರಳಿತೇ, ರೋಗಿ ಎಷ್ಟು ವರ್ಷ ಬದುಕಿದರು ಎಂಬುದನ್ನು.

ಗೆದ್ದ ಕಡೆ ರಕ್ತ ಕ್ಯಾನ್ಸರ್. ಎಪಿಎಲ್ ಎಂಬ ಬಗೆಯಲ್ಲಿ ಎ ಜೀವಸತ್ವದ ಒಂದು ರೂಪವಾದ ಎಟಿಆರ್‌ಎ ಗುಳಿಗೆ ಮತ್ತು ಆರ್ಸೆನಿಕ್ ಟ್ರೈಆಕ್ಸೈಡ್ ಸೇರಿ, ಎರಡು ಜೀನ್ ತಪ್ಪಾಗಿ ಕೂಡಿಕೊಂಡು ರೋಗ ಹುಟ್ಟಿಸಿದ ಬೆಸುಗೆ ಪ್ರೋಟೀನನ್ನೇ ಕರಗಿಸುತ್ತವೆ. ಆಗ ರೋಗದ ಆಕರಕೋಶ ತನ್ನ ಹಟ ಬಿಟ್ಟು ಬಲಿತು ಸಾಯುತ್ತದೆ. 2013ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಹೆಚ್ಚು ಅಪಾಯದಲ್ಲಿಲ್ಲದ ರೋಗಿಗಳ ಪೈಕಿ ಕೀಮೋ ಇಲ್ಲದೆ ಈ ಜೋಡಿಯನ್ನಷ್ಟೇ ಪಡೆದವರಲ್ಲಿ ಎರಡು ವರ್ಷಕ್ಕೆ ಶೇ 97ರಷ್ಟು ಜನ ರೋಗದ ತೊಂದರೆಯಿಲ್ಲದೆ ಇದ್ದರು. ಆರ್ಸೆನಿಕ್ ಎಂದಮಾತ್ರಕ್ಕೆ ನಾಟಿ ಪಾಷಾಣ ಈ ಔಷಧಕ್ಕೆ ಬದಲಿಯಲ್ಲ ಎಂದು ಇಲ್ಲೇ ಹೇಳಿಬಿಡುತ್ತೇವೆ. ಆರ್ಸೆನಿಕ್ ಟ್ರೈಆಕ್ಸೈಡನ್ನು ದೇಹದ ತೂಕದ ಪ್ರತಿ ಕಿಲೋಗೆ ದಿನಕ್ಕೆ 0.15 ಮಿಲಿಗ್ರಾಂನಂತೆ ಆಸ್ಪತ್ರೆಯಲ್ಲಿ ಸಲೈನ್ ಮೂಲಕ, ಇಸಿಜಿ, ಪೊಟ್ಯಾಸಿಯಂ, ಮೆಗ್ನೀಸಿಯಂ ನೋಡುತ್ತ ಕೊಡುತ್ತಾರೆ. ನೋಡದೆ ಕೊಟ್ಟರೆ ಹೃದಯದ ಲಯ ತಪ್ಪುತ್ತದೆ.

ಸಿಎಂಎಲ್ ಎಂಬ ನಿಧಾನದ ರಕ್ತ ಕ್ಯಾನ್ಸರಿಗೆ 2001ರಿಂದ ಇರುವ ಇಮ್ಯಾಟಿನಿಬ್ ಗುಳಿಗೆ ಇನ್ನೊಂದು ಪಾಠ. ಗುಳಿಗೆ ನುಂಗುತ್ತ ಜನ ಹೊಲಮನೆ ನೋಡಿಕೊಂಡು ಇರುತ್ತಾರೆ, ಆದರೆ ರೋಗದ ಆಕರಕೋಶ ಮಲಗಿಯೇ ಇರುತ್ತದೆ. ಎರಡು ವರ್ಷ ರೋಗದ ಗುರುತೇ ಕಾಣದವರಲ್ಲಿ ಗುಳಿಗೆ ನಿಲ್ಲಿಸಿ ನೋಡಿದ ಫ್ರಾನ್ಸಿನ ಅಧ್ಯಯನದಲ್ಲಿ ಸುಮಾರು ಶೇ 60ರಷ್ಟು ಜನರಿಗೆ ರೋಗ ಮರಳಿತು, ಹೆಚ್ಚಿನವರಿಗೆ ಆರು ತಿಂಗಳೊಳಗೆ. ಮತ್ತೆ ಗುಳಿಗೆ ಶುರುಮಾಡಿದಾಗ ಹತೋಟಿಗೆ ಬಂತು ನಿಜ, ಯಾಕೆಂದರೆ ಅವರ ರಕ್ತವನ್ನು ಪಿಸಿಆರ್ ಪರೀಕ್ಷೆಯಲ್ಲಿ ತಿಂಗಳು ತಿಂಗಳು ನೋಡುತ್ತಿದ್ದರು. ‘ರಿಪೋರ್ಟ್ ನಾರ್ಮಲ್ ಬಂತು’ ಎಂದು ತಾವಾಗಿಯೇ ಗುಳಿಗೆ ಬಿಡುವವರಿಗೆ ಆ ಕಾವಲು ಇರುವುದಿಲ್ಲ.

ಈಗ ನಮ್ಮ ಊರಿನ ಮಾತು. ಬಾಯಿಯ ಒಳಪದರದ ಮೇಲಿನ ಕೋಶಗಳು ಎರಡು ವಾರದ ಆಸುಪಾಸಿನಲ್ಲಿ ಉದುರಿ ಹೋಗುತ್ತವೆ. ತಳದಲ್ಲಿರುವ ಆಕರಕೋಶಗಳು ಮಾತ್ರ ವರ್ಷಗಟ್ಟಲೆ ಇದ್ದು ಹೊಸವನ್ನು ಹುಟ್ಟಿಸುತ್ತವೆ. ದಿನವೂ ಒಂದೇ ಗಲ್ಲದ ಸಂದಿಯಲ್ಲಿ ತಂಬಾಕು, ಸುಣ್ಣ, ಅಡಿಕೆ ಇಟ್ಟುಕೊಂಡರೆ ಏಟು ಕೂಡಿಬೀಳುವುದು ಆ ತಳದ ಕೋಶಗಳಲ್ಲಿ. ಕರ್ನಾಟಕದಲ್ಲಿ 2013ರಲ್ಲೇ ಗುಟ್ಕಾ ನಿಷೇಧವಾದರೂ ಪಾನ್ ಮಸಾಲೆ ಒಂದು ಚೀಟು, ತಂಬಾಕು ಒಂದು ಚೀಟು ಎಂದು ಕೊಂಡು ಅಂಗೈಯಲ್ಲಿ ಬೆರೆಸುವುದು ನಡೆದೇ ಇದೆ. ಬಾಯಲ್ಲಿ ತಮ್ಮದೇ ಮೂರು ಬೆರಳು ನೆಟ್ಟಗೆ ಹೋಗದವರು, ಬಿಳಿ ಅಥವಾ ಕೆಂಪು ಮಚ್ಚೆ ಇರುವವರು, ಮೂರು ವಾರಕ್ಕೂ ಮಾಯದ ಹುಣ್ಣು ಇರುವವರು ತಡಮಾಡದೆ ತೋರಿಸಬೇಕು.

ಬಾಯಿ ಕ್ಯಾನ್ಸರಿಗೆ ಮೊದಲು ಶಸ್ತ್ರಚಿಕಿತ್ಸೆ, ರೋಗ ಮುಂದುವರಿದಿದ್ದರೆ ಆರು ವಾರದೊಳಗೆ ಕರೆಂಟ್ ಶುರು. ಸಾಮಾನ್ಯವಾಗಿ 60 ಗ್ರೇ (ಗ್ರೇ ಎಂದರೆ ವಿಕಿರಣದ ಅಳತೆ), ದಿನಕ್ಕೆ 2ರಂತೆ 30 ಸಲ, ವಾರಕ್ಕೆ ಐದು ದಿನ, ಒಟ್ಟು ಆರು ವಾರ. ಶಸ್ತ್ರಚಿಕಿತ್ಸೆ ಇಲ್ಲದೆ ಕರೆಂಟಿನಿಂದಲೇ ಗುಣಪಡಿಸುವ ಗಂಟಲಿನಂಥ ಕಡೆ 70 ಗ್ರೇ, ಏಳು ವಾರ. ಮೊದಲ ಎರಡು ವಾರ ಎಲ್ಲ ಸಲೀಸು. ಮೂರು-ನಾಲ್ಕನೆಯ ವಾರಕ್ಕೆ ಬಾಯೆಲ್ಲ ಹುಣ್ಣಾಗಿ ಉಗುಳು ನುಂಗುವುದೂ ಕಷ್ಟ. ಅದೇ ಹೊತ್ತಿಗೆ ಗಡ್ಡೆ ಇಳಿದಿರುತ್ತದೆ, ಇಲ್ಲವೇ ಶಸ್ತ್ರಚಿಕಿತ್ಸೆಯಲ್ಲೇ ಹೋಗಿರುತ್ತದೆ. ಮನೆಯಲ್ಲಿ ಬಿತ್ತನೆ, ಇಲ್ಲವೇ ಊರ ಜಾತ್ರೆ. ‘ಒಂದ್ ವಾರ ಬಿಟ್ಟು ಬರ್ತೀವ್ರಿ’ ಎಂದು ಹೊರಟುಬಿಡುತ್ತಾರೆ. ಬದುಕುಳಿದ ಆಕರಕೋಶಗಳು ಚುರುಕಾಗಿ ಒಡೆಯತೊಡಗುವುದು ಸರಿಯಾಗಿ ಆಗಲೇ. ತಲೆ-ಕುತ್ತಿಗೆ ಕ್ಯಾನ್ಸರಿನಲ್ಲಿ ಸುಮಾರು ನಾಲ್ಕನೆಯ ವಾರದ ಬಳಿಕ ಇದು ಶುರುವಾಗುತ್ತದೆಂದು 1988ರಲ್ಲೇ ಲೆಕ್ಕ ಹಾಕಿ ತೋರಿಸಿದ್ದಾರೆ. ಆಮೇಲೆ ಲಂಬಿಸಿದ ಪ್ರತಿ ದಿನವೂ ಸುಮಾರು 0.6 ಗ್ರೇಯಷ್ಟು ಪರಿಣಾಮವನ್ನು ನುಂಗುತ್ತದೆ, ಅಂದರೆ ಒಂದು ದಿನದ ಕರೆಂಟಿನ ಹೆಚ್ಚುಕಡಿಮೆ ಮೂರರಲ್ಲಿ ಒಂದು ಪಾಲು. ರೋಗ ಹತೋಟಿಗೆ ಬರುವ ಸಾಧ್ಯತೆ ದಿನಕ್ಕೆ ಶೇ 1ರಷ್ಟು ಇಳಿಯುತ್ತದೆಂಬುದು ಒಪ್ಪಿತ ಅಂದಾಜು. ವಾರ ಬಿಟ್ಟು ಬಂದು ‘ಉಳಿದ ಹತ್ತು ತಗೊಂಡ್ವಿ, ಮೂವತ್ತೂ ಆತು’ ಎಂದರೆ ಎಣಿಕೆ ಮೂವತ್ತೇ ಆದರೂ ಅದು ಅದೇ ಮೂವತ್ತಲ್ಲ.

ಆದ್ದರಿಂದ ನಾಲ್ಕನೆಯ ವಾರಕ್ಕೆ ಮೊದಲೇ ಸಿದ್ಧತೆ ಬೇಕು. ಹಾಳಾದ ಹಲ್ಲುಗಳನ್ನು ಕರೆಂಟ್ ಶುರುವಾಗುವ 10–14 ದಿನ ಮೊದಲೇ ಕೀಳಿಸಬೇಕು, ಆಮೇಲೆ ಕಿತ್ತರೆ ದವಡೆ ಮೂಳೆ ಕೊಳೆಯಬಹುದು. ಒಂದು ಲೀಟರ್ ಕಾಯಿಸಿ ಆರಿಸಿದ ನೀರಿಗೆ ಒಂದು ಚಹಾ ಚಮಚ ಉಪ್ಪು, ಒಂದು ಚಹಾ ಚಮಚ ಅಡುಗೆ ಸೋಡಾ ಹಾಕಿ, ಎಚ್ಚರವಿರುವಷ್ಟು ಹೊತ್ತು ಎರಡು ಮೂರು ತಾಸಿಗೊಮ್ಮೆ ಬಾಯಿ ಮುಕ್ಕಳಿಸಿ ಉಗುಳಬೇಕು. ಮರುದಿನಕ್ಕೆ ಹೊಸ ನೀರು. ರೊಟ್ಟಿ, ಕೆಂಪು ಖಾರ, ಲಿಂಬಿಹಣ್ಣು ಬಿಟ್ಟು ಜೋಳದ ನುಚ್ಚು ಹಾಲಿನಲ್ಲಿ ಕಿವುಚಿ, ಸಜ್ಜಕ, ಅಂಬಲಿ, ಬೇಳೆ ಕಟ್ಟು, ನುಣ್ಣಗೆ ಅರೆದ ಮೊಟ್ಟೆ ಕೊಡಿ. ನುಂಗಲಾಗದಿದ್ದರೆ ಮೂಗಿನಿಂದ ಹೊಟ್ಟೆಗೆ ನಳಿಗೆ ಹಾಕಿಸಿಕೊಳ್ಳಲು ಹೆದರಬೇಡಿ, ಅದು ಕೆಲವು ವಾರಗಳ ಮಾತು. ವಾರಕ್ಕೊಮ್ಮೆ ತೂಕ ನೋಡಬೇಕು. ಕರೆಂಟ್ ಕೊಡುವಾಗ ಮುಖ ಅಲುಗದಂತೆ ಹಾಕುವ ಪ್ಲಾಸ್ಟಿಕ್ ಜಾಲರಿಯ ಮುಖವಾಡ ಮೊದಲ ದಿನದ ಮುಖಕ್ಕೆ ಅಚ್ಚು ಮಾಡಿದ್ದು. ಗಲ್ಲ ಇಳಿದರೆ ಅದು ಸಡಿಲವಾಗುತ್ತದೆ, ಗುರಿ ಕೆಲವು ಮಿಲಿಮೀಟರ್ ಜಾರುತ್ತದೆ, ಹೊಸ ಅಚ್ಚು, ಹೊಸ ಲೆಕ್ಕ ಎಂದು ಮತ್ತೆ ದಿನ ಹೋಗುತ್ತವೆ. ಊಟ ಇಲ್ಲಿ ಚಿಕಿತ್ಸೆಯ ಭಾಗವೇ.

ಜಾಹೀರಾತಿನ ವಿಷಯ ಚಿಕ್ಕದಾಗಿ. ಕ್ಯಾನ್ಸರ್ ಆಕರಕೋಶವನ್ನು ಕೊಲ್ಲುವ ಸಂಶೋಧನೆ ಬೇರೆ, ಮೈಗೆ ಸ್ಟೆಮ್ ಸೆಲ್ ಚುಚ್ಚುವ ‘ಚಿಕಿತ್ಸೆ’ ಬೇರೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2017ರ ಮಾರ್ಗಸೂಚಿಯಂತೆ, ರಕ್ತದ ಕಾಯಿಲೆಗಳಿಗೆ ಮಾಡುವ ಒಪ್ಪಿತ ಬೋನ್ ಮ್ಯಾರೋ ಕಸಿ ಬಿಟ್ಟರೆ ಉಳಿದ ಸ್ಟೆಮ್ ಸೆಲ್ ಬಳಕೆಯೆಲ್ಲ ಪ್ರಯೋಗವೇ. ಪ್ರಯೋಗವಾದರೆ ಅದು ಸಿಟಿಆರ್‌ಐ ಎಂಬ ರಾಷ್ಟ್ರೀಯ ದಾಖಲೆಯಲ್ಲಿ ನೋಂದಾಗಿರಬೇಕು. ಅದನ್ನು ಯಾರು ಬೇಕಾದರೂ ಅಂತರ್ಜಾಲದಲ್ಲಿ ಹಣವಿಲ್ಲದೆ ನೋಡಬಹುದು. ನೋಂದಣಿ ಸಂಖ್ಯೆ ಕೇಳಿದರೆ ತಡವರಿಸುವವರು, ಪ್ರಯೋಗದ ಮದ್ದಿಗೆ ಲಕ್ಷ ಕೇಳುವವರು ಎದುರಾದರೆ ಎದ್ದು ಬನ್ನಿ.

ತಮ್ಮ ಪತ್ರಿಕೆಗೆ ನಮ್ಮ ಕೋರಿಕೆ: ಕ್ಯಾನ್ಸರ್ ಔಷಧದ ಸುದ್ದಿ ಹಾಕುವಾಗ ಅದು ಗಾಜಿನ ತಟ್ಟೆಯ ಫಲಿತಾಂಶವೋ, ಇಲಿಯದೋ, ಮನುಷ್ಯರದೋ ಎಂಬುದು ಮೊದಲ ಸಾಲಿನಲ್ಲೇ ಇರಲಿ. ಮನುಷ್ಯರದಾದರೆ ಎಷ್ಟು ಜನ, ಯಾವ ಚಿಕಿತ್ಸೆಗೆ ಹೋಲಿಸಿದರು, ಗಡ್ಡೆ ಕುಗ್ಗಿತೋ ಆಯುಷ್ಯ ಹೆಚ್ಚಿತೋ ಎಂಬುದೂ ಬರಲಿ.

ಇನ್ನೊಂದು ಕೋರಿಕೆ ಹುಬ್ಬಳ್ಳಿ-ಧಾರವಾಡದ ಮಠಗಳಿಗೆ, ದಾನಿಗಳಿಗೆ. ಹುಬ್ಬಳ್ಳಿಗೆ ಗದಗಿನಿಂದ ಸುಮಾರು 60 ಕಿಲೋಮೀಟರ್, ಹಾವೇರಿಯಿಂದ ಅದಕ್ಕೂ ದೂರ. ಹತ್ತು ನಿಮಿಷದ ಕರೆಂಟಿಗೆ ಬಾಯಿ ಹುಣ್ಣಾದ ಮನುಷ್ಯ ದಿನವೂ ಬಸ್ಸಿನಲ್ಲಿ ಹೋಗಿಬರುವುದೇ ಚಿಕಿತ್ಸೆ ತಪ್ಪಲು ದೊಡ್ಡ ಕಾರಣ. ಕ್ಯಾನ್ಸರ್ ರೋಗಿ ಮತ್ತು ಜೊತೆಗಾರರಿಗೆ ರೈಲಿನಲ್ಲಿ ರಿಯಾಯಿತಿ ಇದೆ, ಆಸ್ಪತ್ರೆಯಲ್ಲಿ ಅದರ ಫಾರ್ಮ್ ಕೇಳಿ ಪಡೆಯಿರಿ. ಅದಕ್ಕಿಂತ ಒಳ್ಳೆಯದು ಆರು ವಾರ ಇಲ್ಲೇ ಉಳಿಯಲು ಒಂದು ಕೋಣೆ, ದಾಸೋಹದ ಅಡುಗೆಮನೆಯಲ್ಲಿ ಇವರಿಗೆಂದು ಖಾರವಿಲ್ಲದ ಒಂದು ಪಾತ್ರೆ ನುಚ್ಚು. ಯಂತ್ರ ಕೆಟ್ಟೋ ಹಬ್ಬದ ರಜೆಗೋ ಒಂದು ದಿನ ತಪ್ಪಿದರೆ ರೋಗಿಗಳು ಸುಮ್ಮನೆ ಮನೆಗೆ ಹೋಗದೆ, ಆ ದಿನವನ್ನು ಹೇಗೆ ತುಂಬಿಕೊಡುತ್ತೀರಿ ಎಂದು ವೈದ್ಯರನ್ನು ಕೇಳಬೇಕು. ಶನಿವಾರ ಕೊಡಬಹುದು, ಇಲ್ಲವೇ ಒಂದೇ ದಿನ ಕನಿಷ್ಠ ಆರು ತಾಸಿನ ಅಂತರದಲ್ಲಿ ಎರಡು ಸಲ ಕೊಡಬಹುದು. ಹತ್ತಿರದಲ್ಲೇ ಉಳಿದುಕೊಂಡವರಿಗೆ ಅದು ಸಾಧ್ಯ, ಸಂಜೆಯ ಬಸ್ಸು ಹಿಡಿಯಬೇಕಾದವರಿಗೆ ಅಲ್ಲ.

ಇಂತಿ,
ಕೋಶಶಾಸ್ತ್ರ ಮತ್ತು ರೋಗಶಾಸ್ತ್ರದ ಇಬ್ಬರು ಬೋಧಕರು, ಧಾರವಾಡ